ಮಡಚುವ ಸ್ಟೌವಿನ ಮೂರನೇ ಕಾಲು

ಭಾವ, ಹರಿಹರದ ಹೊಳೆ ದಂಡೆಯಲ್ಲಿ ಅಂದು ನನ್ನ ಆ ಮಡಚುವ ಸ್ಟೌ ಮುರಿದದ್ದು ನಿಮ್ಮ ಕೈಯಿಂದಲ್ಲ. ಅದು ಹಿಂದಿನ ದಿನವೇ ದಾವಣಗೆರೆಯಲ್ಲಿ, ನನ್ನ ಅಡುಗೆಮನೆಯಲ್ಲಿ ಮುರಿದಿತ್ತು. ಮುರಿದ ಕಾಲಿಗೆ ಅಂಟು ಹಾಕಿ, ಏನೂ ಆಗಿಲ್ಲವೆಂಬಂತೆ ನಿಮ್ಮ ಮುಂದೆ ತಂದಿಟ್ಟವನು ನಾನು. ಐದಾರು ವರ್ಷ ಈ ಮಾತನ್ನು ಯಾರಿಗೂ ಹೇಳದೆ ಮುಚ್ಚಿಟ್ಟೆ.

ನಿಮ್ಮ ತಾಯಿಯ ಕಾಲದ ಆ ಹಿತ್ತಾಳೆ ಪಂಪ್ ಸ್ಟೌ ಕಂಡರೆ ನನಗೆ ಅದೇಕೋ ಹೊಟ್ಟೆಕಿಚ್ಚು. ಅಕ್ಕನನ್ನು ನಿಮಗೆ ಕೊಟ್ಟಾಗಿನಿಂದ ನೋಡುತ್ತಿದ್ದೇನೆ — ಹೊಳೆಗೆ ಹೋದರೂ, ನಂದಿಗುಡಿಯ ಮಠಕ್ಕೆ ಹೋದರೂ ಅದು ಗೋಣಿಚೀಲದಲ್ಲಿ ಕೂತು ಜೊತೆಗೆ ಬರುತ್ತಿತ್ತು. ಒಮ್ಮೆ ಟೆಂಪೋದಿಂದ ಉರುಳಿ ರಸ್ತೆಗೆ ಬಿದ್ದಾಗ ಅದರ ಹೊಟ್ಟೆ ಸ್ವಲ್ಪ ನೆಗ್ಗಿತು, ಅಷ್ಟೇ. ನೀವು ಬರ್ನರಿನ ತೂತಿಗೆ ಪಿನ್ನು ಆಡಿಸಿ, ನಾಲ್ಕು ಸಲ ಪಂಪ್ ಹೊಡೆದರೆ ಭರ್ರೆಂದು ಉರಿಯುತ್ತಿತ್ತು. ಅಷ್ಟು ವರ್ಷದಲ್ಲಿ ಅದು ಕೇಳಿದ್ದು ಒಂದೆರಡು ವಾಷರ್ ಮಾತ್ರ.

ನಾನೋ — ಆನ್‌ಲೈನಿನಲ್ಲಿ ಮಡಚುವ ಗ್ಯಾಸ್ ಸ್ಟೌ ತರಿಸಿದೆ. ಬೆಟ್ಟ ಹತ್ತುವವರು ಒಯ್ಯುವಂಥದ್ದು. ಅಂಗೈಯಲ್ಲಿ ಹಿಡಿಯುತ್ತಿತ್ತು, ಅದಕ್ಕೊಂದು ಕೇಸರಿ ಡಬ್ಬಿ ಬೇರೆ. ವಾರವಿಡೀ ಸಿಕ್ಕಿದವರ ಮುಂದೆಲ್ಲ ಕೊಚ್ಚಿಕೊಂಡೆ. "ಆ ಹಳೇ ಹಂಡೆ ಮನ್ಯಾಗೇ ಇರ್ಲಿ ಭಾವ, ಈ ಸಲ ನಂದು" ಎಂದು ಫೋನ್ ಮಾಡಿ ನಿಮ್ಮದನ್ನು ಬಿಡಿಸಿದೆ. ಹೊಳೆಗೆ ಹೊರಡುವ ಹಿಂದಿನ ಸಂಜೆ ನೋಡೋಣವೆಂದು ನನ್ನದರ ಮೂರು ಕಾಲು ಬಿಡಿಸಿ ಚಹಾ ಪಾತ್ರೆ ಇಟ್ಟೆ. ಬರೀ ಚಹಾ, ಭಾವ! ಮೂರನೇ ಕಾಲು ಲಟಕ್ಕೆಂದಿತು. ಆಗಲೇ ನಿಮಗೆ ಹೇಳಬಹುದಿತ್ತು — ಆದರೆ ಅಷ್ಟು ಕೊಚ್ಚಿಕೊಂಡ ಬಾಯಿ —

ದಂಡೆಯಲ್ಲಿ ಎಲ್ಲರೂ ಸುತ್ತ ಕೂತಾಗ, ಅಂಟಿಸಿದ ಆ ಕಾಲಿನ ಮೇಲೆ ನಾನೇ ಬಾಣಲೆ ಇಡುವುದು ಬೇಡವಾಗಿತ್ತು. ಅದಕ್ಕೇ ಭಾರಿ ವಿನಯದಿಂದ, "ನೀವೇ ಹಚ್ರಿ ಭಾವ, ಹಿರೇರು" ಎಂದೆ. ನೀವು ಅದನ್ನು ಮರ್ಯಾದೆ ಎಂದುಕೊಂಡು ಖುಷಿಪಟ್ಟಿರಿ. ರವೆ ಹುರಿದು, ನೀರು ಹೊಯ್ದು, ಉಪ್ಪಿಟ್ಟನ್ನು ಮೆಲ್ಲಗೆ ತಿರುವುತ್ತಿದ್ದಿರಿ. ಇನ್ನೇನು ಇಳಿಸಬೇಕು — ಸ್ಟೌ ಎಮ್ಮೆಯ ಹಾಗೆ ಮುಂಗಾಲು ಮಡಚಿ ಕೂತೇಬಿಟ್ಟಿತು. ಬಾಣಲೆ ಸಮೇತ ಉಪ್ಪಿಟ್ಟು ಮರಳಿಗೆ. ಎಲ್ಲರೂ ನನ್ನತ್ತ ತಿರುಗುವ ಮೊದಲೇ ನಾನು ಅಂದೆ: "ಭಾವಾ, ನಿಮ್ ಕೈ ಭಾಳ ಭಾರ ಬಿಡ್ರಿ!"

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಉಪ್ಪಿಟ್ಟು ನಾಯಿಗಳಿಗಾಯಿತು, ನಾವು ಒಣ ಮಂಡಕ್ಕಿ ತಿಂದು ಎದ್ದೆವು. ಆದರೆ ಆ ಮಾತು ನಿಮ್ಮ ಬೆನ್ನು ಬಿಡಲಿಲ್ಲ. ಅಕ್ಕ ನಿಮ್ಮ ಕೈಗೆ ಗಾಜಿನ ಲೋಟ ಕೊಡುವುದನ್ನು ನಿಲ್ಲಿಸಿದಳು. ಮಿಕ್ಸಿ ಕೆಟ್ಟರೆ ನೀವು, ಕೊಡೆಯ ಕಡ್ಡಿ ಮುರಿದರೆ ನೀವು. ನೀವು ಊರಲ್ಲೇ ಇಲ್ಲದಾಗ ಫ್ಯಾನ್ ನಿಂತರೂ ಅಕ್ಕ, "ಹೋಗೋವಾಗ ಅವರೇ ಸ್ವಿಚ್ ಒತ್ತಿದ್ರಲ್ಲ" ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ನಿಮ್ಮ ಕೈಯನ್ನೇ ಡೊಂಕು ಮಾಡಿದೆ. ಮಾಡಿ, ಎಲ್ಲರ ಜೊತೆ ಸೇರಿ ನಗುತ್ತಲೂ ಇದ್ದೆ.

ಮೊನ್ನೆ, ಬಾಣಂತನಕ್ಕೆ ಬಂದಿರುವ ನಿಮ್ಮ ಮಗಳ ಕೂಸನ್ನು ನೋಡಲು ಹರಿಹರಕ್ಕೆ ಬಂದಿದ್ದೆನಲ್ಲ. ಅವಳು "ಅಪ್ಪಾಜಿ, ಒಂದ್ಸಲ ಎತ್ಕೋ" ಎಂದು ಕೂಸನ್ನು ನಿಮ್ಮತ್ತ ನೀಡಿದಳು. ನೀವು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರಿ. "ಬ್ಯಾಡವ್ವ, ನನ್ ಕೈ ಭಾರ ಐತೆ" ಎಂದಿರಿ. ಹುಟ್ಟಿದಾಗಿನಿಂದ ಒಮ್ಮೆಯೂ ನೀವು ಎತ್ತಿಕೊಂಡಿಲ್ಲವಂತೆ, ಅಕ್ಕ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ, ಭಾವ — ಚಹಾ ಕುಡಿದು, ಬಸ್ಸು ಹತ್ತಿ ಬಂದುಬಿಟ್ಟೆ. ಅಂದಿನ ಸುಳ್ಳಿಗಿಂತ ಮೊನ್ನೆ ಸುಮ್ಮನಿದ್ದದ್ದಕ್ಕೆ ನನಗೆ ಹೆಚ್ಚು ನಾಚಿಕೆ.

ಈಗಿನ ಸಾಮಾನೇ ಹೀಗೆ, ಬಾಳಿಕೆಯಿಲ್ಲ ಎಂದು ಜಾರಿಕೊಳ್ಳಬಹುದು — ಆ ಮಾತು ನಿಜವೂ ಹೌದು. ಆದರೆ ಸ್ಟೌ ಬರೀ ಮುರಿಯಿತು. ಸುಳ್ಳು ಹೇಳಿದ್ದು ನಾನು. ಭಾನುವಾರ ಬರುತ್ತೇನೆ. ಅಕ್ಕ, ಮಗಳು, ಅಳಿಯ ಎಲ್ಲರೆದುರು ಇದನ್ನೇ ಹೇಳುತ್ತೇನೆ. ಬೈಯುವುದಿದ್ದರೆ ಆಗ ಬೈಯಿರಿ. ಆದರೆ ಅಲ್ಲಿಯವರೆಗೆ ಕಾಯಬೇಡಿ, ಭಾವ — ಇದನ್ನು ಓದಿ ಮುಗಿಸಿದ ಕೂಡಲೇ ತೊಟ್ಟಿಲ ಹತ್ತಿರ ಹೋಗಿ ಕೂಸನ್ನು ಎತ್ತಿಕೊಳ್ಳಿ.