ಹೊಲಿಗೆ ಬಸ್ಸೂ ವಹಾಬನ ಬೆರಳೂ

ಶಹಾಪುರದಲ್ಲಿ ಲಾರಿಯ ವೈರಿಂಗ್ ಕೆಟ್ಟು ಎಲ್ಲ ಮೆಕ್ಯಾನಿಕ್ಕುಗಳೂ ಕೈಚೆಲ್ಲಿದ ಮೇಲೆ ಗಾಡಿ ಕೊನೆಗೆ ಬಂದು ನಿಲ್ಲುವುದು ವಹಾಬನ ಅಂಗಡಿಯ ಮುಂದೆ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಅಷ್ಟೇ. ಹದಿನಾಲ್ಕನೇ ವಯಸ್ಸಿಗೆ ತನ್ನೂರು ಶಿರವಾಳ ಬಿಟ್ಟು ಯಾದಗಿರಿಗೆ ಹೋದವನು ಅಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಆರು ವರ್ಷ ವೈರು ಸುಲಿದಿದ್ದ. ಕಲಿತದ್ದು ಒಂದೇ ವಿದ್ಯೆ. ಲೈಟು, ಮೋಟಾರು ಎಲ್ಲ ಚಾಲೂ ಮಾಡು, ವೈರಿನ ಮೇಲೆ ಬೆರಳಾಡಿಸುತ್ತಾ ಹೋಗು, ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಬಿಚ್ಚು. ಸುಮಾರು ನಲವತ್ತು ವರ್ಷ ಆ ಒಂದು ವಿದ್ಯೆಯಲ್ಲೇ ಮನೆ ನಡೆದಿದೆ, ಮೂರು ಹೆಣ್ಣುಮಕ್ಕಳ ಮದುವೆಯೂ ಆಗಿದೆ.

ಈಗ ಎರಡು ವರ್ಷದಿಂದ ಆ ಬೆರಳುಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಅಂಗಾಲು ಹಿಡಿಯಿತು, ಆಮೇಲೆ ಬೆರಳ ತುದಿ. ಕಳೆದ ರಂಜಾನಿನಲ್ಲಿ ಕಾದ ತವೆ ಮುಟ್ಟಿಯೂ ಸುಮ್ಮನೆ ಕೂತಿದ್ದ. ಹೆಂಡತಿ ಕೇಳಿದರೆ ಧ್ಯಾನ ಎಲ್ಲೋ ಇತ್ತು ಎಂದುಬಿಟ್ಟ. ವಹಾಬನ ಕೈ ಹೋಯಿತಂತೆ ಎಂಬ ಸುದ್ದಿ ಒಮ್ಮೆ ಲಾರಿಯವರ ಬಾಯಿಗೆ ಬಿದ್ದರೆ ಮರುದಿನ ಅಂಗಡಿ ಮುಂದೆ ನಾಯಿಯೂ ಸುಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ಅದಕ್ಕೇ ಕರೆಂಟು ಅಳೆಯುವ ಒಂದು ಮೀಟರು ಕೊಂಡುತಂದ. ಯಾರಾದರೂ ಕೆಣಕಿದರೆ, "ಕಾಲ ಬದಲಾಗ್ಯಾದ್ರಿ, ನಾನೂ ಬದಲಾಗೀನಿ" ಎಂದು ನಗುತ್ತಿದ್ದ. ನಕ್ಕು ನಕ್ಕೇ ದಣಿದಿದ್ದ.

ಹೊಲಿಗೆ ಬಸ್ಸು ಅವನ ಬಳಿಗೆ ಬಂದದ್ದು ಇದು ಮೂರನೆಯ ಸಲ. ಅದೊಂದು ಹಳೆಯ ಶಾಲಾ ಬಸ್ಸು. ಮಹಿಳಾ ಸಂಘವೊಂದು ಅದನ್ನು ಕೊಂಡು, ಸೀಟುಗಳನ್ನು ಕಿತ್ತು, ಎಂಟು ಮೋಟಾರು ಹೊಲಿಗೆ ಯಂತ್ರ ಕೂರಿಸಿ, ಹಿಂದೆ ಬ್ಯಾಟರಿ ಪೆಟ್ಟಿಗೆ, ಇನ್ವರ್ಟರು ಇಟ್ಟಿತ್ತು. ಹೊರಗೆ ಗುಲಾಬಿ ಬಣ್ಣ. ಬಣ್ಣಕ್ಕೆ ಕೊಟ್ಟ ಗಮನದ ಕಾಲು ಭಾಗವನ್ನೂ ವೈರಿಗೆ ಕೊಟ್ಟಿರಲಿಲ್ಲ. ಫೋಟೋದಲ್ಲಿ ವೈರು ಕಾಣುವುದಿಲ್ಲವಲ್ಲ! ಊರೂರಿಗೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸುವವಳು ಸಂಘಮಿತ್ರಾ. ಯಂತ್ರಗಳು ಹದಿನೈದು ನಿಮಿಷ ಚೆನ್ನಾಗಿ ಓಡುತ್ತವೆ, ಆಮೇಲೆ ಇನ್ವರ್ಟರು ಕುಂಯ್ ಎಂದು ಅತ್ತು ಎಲ್ಲವನ್ನೂ ನಿಲ್ಲಿಸುತ್ತದೆ. ಇದು ಅವಳ ದೂರು.

"ನಾಳಿ ಕೊಡೇಕಲ್‌ದಾಗ ಇಪ್ಪತ್ತು ಮಂದಿ ಕಾಯ್ತಾರ್ರಿ ಚಾಚಾ. ಹೋದ ಸಲ ಅರ್ಧಕ್ಕ ಬಿಟ್ಟು ಬಂದೀನಿ."

"ಇವತ್ತ ಮುಗಸ್ತೀನಿ, ಕುಂದರ್ರಿ ಮೇಡಮ್" ಎಂದ ವಹಾಬ. ಹಿಂದಿನ ಎರಡು ಸಲವೂ ಅವನು ಇದೇ ಮಾತು ಹೇಳಿದ್ದ. ಫ್ಯೂಸು ಬದಲಾಯಿಸಿದ್ದ, ಸ್ವಿಚ್ಚು ಬಿಗಿ ಮಾಡಿದ್ದ. ಮೀಟರು ಎಲ್ಲ ಸರಿಯಿದೆ ಎನ್ನುತ್ತಿತ್ತು. ಯಂತ್ರಗಳು ಓಡದಿರುವಾಗ ಅಳೆದರೆ ಅದು ಇನ್ನೇನು ಹೇಳೀತು?

ಬೇವಿನ ನೆರಳಲ್ಲಿ ಬಸವಕುಮಾರ ತನ್ನ ಪಾಳಿಗೆ ಕಾಯುತ್ತಿದ್ದ. ಹತ್ತಿ ಸಾಗಿಸುವ ಎರಡು ಲಾರಿಗಳ ಮಾಲೀಕ ಅವನು. ವಹಾಬನ ಕೈಗುಣವನ್ನು ಸುರಪುರದವರೆಗೆ ಹೊಗಳಿಕೊಂಡು ತಿರುಗುವವನೂ ಅವನೇ.

ಸಂಘಮಿತ್ರಾ ಎಂಟೂ ಯಂತ್ರ ಚಾಲೂ ಮಾಡಿದಳು. ಮಧ್ಯಾಹ್ನದ ಬಿಸಿಲಿಗೆ ಬಸ್ಸಿನೊಳಗೆ ಉಸಿರು ಕಟ್ಟುತ್ತಿತ್ತು. ವಹಾಬ ಮಂಡಿಯೂರಿ, ಆಸರೆಗೆಂದು ಎಡಗೈಯನ್ನು ಬ್ಯಾಟರಿ ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿ ಊರಿ, ಬಲಗೈ ಬೆರಳನ್ನು ದಪ್ಪ ವೈರಿನ ಮೇಲೆ ಆಡಿಸುತ್ತಾ ಹೋದ. ಎಲ್ಲವೂ ಒಂದೇ ರೀತಿ. ಬಿಸಿಯಿಲ್ಲ, ತಂಪಿಲ್ಲ. ಕಾಲು ಗಂಟೆಗೆ ಇನ್ವರ್ಟರು ಅತ್ತಿತು. ಅವನು ಕಿಟಕಿಯ ಕಂಬಿ ಹಿಡಿದು ಎದ್ದ. ಸಾಕಾಗಿ ಹೋಗಿತ್ತು.

"ಚಾಚಾ, ನಿಮ್ಮ ಕೈ" ಎಂದಳು ಸಂಘಮಿತ್ರಾ.

ಎಡಗೈಯ ಎರಡು ಬೆರಳಲ್ಲಿ ಬೊಬ್ಬೆ ಎದ್ದಿದ್ದವು.

"ಹಳೇದು ಬಿಡ್ರಿ. ಬೆಸುಗಿ ಹಾಕುವಾಗ ಸುಟ್ಟಿತ್ತು."

"ಚಹಾ ಕುಡಿಯುವಾಗ ಇರಲಿಲ್ರಿ. ನಾ ನೋಡೀನಿ." ದಿನವಿಡೀ ಹೆಂಗಸರ ಬೆರಳು ಸೂಜಿಗೆ ಸಿಗದ ಹಾಗೆ ಕಾಯುವವಳು ಅವಳು. ಮೊದಲು ಅವಳ ಕಣ್ಣಿಗೆ ಬೀಳುವುದೇ ಕೈ.

ವಹಾಬ ತನ್ನ ಬೆರಳನ್ನು ಬೇರೆಯವರದೆಂಬಂತೆ ನೋಡಿದ. ಆ ಕೈ ಅಷ್ಟು ಹೊತ್ತೂ ಒಂದೇ ಜಾಗದಲ್ಲಿತ್ತು, ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿ. ಅವನು ಯಂತ್ರಗಳನ್ನು ಆರಿಸಿ, ಪೆಟ್ಟಿಗೆಯನ್ನು ಮುಂದಕ್ಕೆ ಎಳೆದ. ಹಿಂದೆ, ಬ್ಯಾಟರಿಯ ಕಪ್ಪು ವೈರನ್ನು ಬಸ್ಸಿನ ಮೈಗೆ ಬೋಲ್ಟು ಹಾಕಿ ಬಿಗಿದಿದ್ದ ಕಡೆ, ತಾಮ್ರವೆಲ್ಲ ಹಸಿರು ಕಿಲುಬು ಹಿಡಿದಿತ್ತು. ಸುತ್ತ ಅರಿಸಿನ ಕುಂಕುಮ ಒಣಗಿ ಹಕ್ಕಳೆ ಕಟ್ಟಿದ್ದವು.

"ಇದರ ಮ್ಯಾಲ ಯಾರ್ರಿ ನೀರು ಸುರಿದವರು?"

ಸಂಘಮಿತ್ರಾ ಸ್ವಲ್ಪ ಯೋಚಿಸಿದಳು. "ಉದ್ಘಾಟನಿ ದಿನ ಬ್ಯಾಟರಿ ಪೆಟ್ಟಿಗಿಗೆ ಪೂಜಿ ಮಾಡಿದ್ರು. ಸಂಘದ ಅಧ್ಯಕ್ಷರು ಅದರ ಮ್ಯಾಲೇ ಕಾಯಿ ಒಡದ್ರು."

ಪಾಪ, ಭಕ್ತಿಯಿಂದಲೇ ಒಡೆದಿದ್ದಾರೆ. ಕಾಯಿಯ ನೀರೆಲ್ಲ ಹಿಂದಕ್ಕೆ ಇಳಿದು ಮೂರು ತಿಂಗಳು ಸದ್ದಿಲ್ಲದೆ ತಾಮ್ರ ತಿಂದಿದೆ. ವಹಾಬ ಕೊಳೆತ ತುದಿಯನ್ನು ಕತ್ತರಿಸಿ, ಬೋಲ್ಟಿನ ಸುತ್ತ ಬಣ್ಣ ಹೋಗುವವರೆಗೆ ಉಜ್ಜಿ, ಹೊಸ ತುದಿ ಕೂರಿಸಿ ಬಿಗಿದ. ಯಂತ್ರಗಳು ಮತ್ತೆ ಓಡಿದವು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆಯಾಯಿತು. ಇನ್ವರ್ಟರು ಸುಮ್ಮನಿತ್ತು.

ಇನ್ನು ಉಳಿದದ್ದು ಒಂದೇ, ಆ ಜೋಡಣೆ ತಣ್ಣಗಿದೆಯೇ ಎಂದು ಮುಟ್ಟಿ ನೋಡುವುದು. ರೂಢಿಯಂತೆ ಕೈ ಚಾಚಿದವನು ನಡುವೆಯೇ ನಿಲ್ಲಿಸಿದ. ತಣ್ಣಗಿದೆ ಎಂದುಬಿಟ್ಟರೆ ಯಾರು ಕೇಳುತ್ತಾರೆ? ಬಸ್ಸು ಹೊರಡುತ್ತದೆ, ಬಸವಕುಮಾರ ಇನ್ನಷ್ಟು ಹೊಗಳುತ್ತಾನೆ. ನಾಳೆ ಆ ಜೋಡಣೆ ಕಾದರೆ, ಪಕ್ಕದಲ್ಲೇ ಬಟ್ಟೆಯ ರಾಶಿ, ಒಳಗೆ ಇಪ್ಪತ್ತು ಹೆಂಗಸರು, ಬಸ್ಸಿಗೆ ಇರುವುದು ಒಂದೇ ಬಾಗಿಲು. ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ.

"ನೀವು ಮುಟ್ಟಿ ನೋಡ್ರಿ."

"ನಾನ್ಯಾಕ್ರಿ ಚಾಚಾ? ನಿಮ್ಮ ಕೈಗಿಂತ ನನ್ನ ಕೈಗೆ ಏನ್ ತಿಳೀತದ?"

"ನನ್ನ ಕೈಗೆ ಏನೂ ತಿಳಿಯಂಗಿಲ್ಲ ಬೇಟಿ. ಎರಡ ವರ್ಷ ಆತು. ಬೆರಳ ಸತ್ತಾವ."

ತೆರೆದ ಕಿಟಕಿಯಾಚೆ ಬಸವಕುಮಾರ ಮೊಬೈಲಿನಿಂದ ತಲೆ ಎತ್ತಿದ. ವಹಾಬ ಅತ್ತ ನೋಡಲಿಲ್ಲ.

ಸಂಘಮಿತ್ರಾ ಬಗ್ಗಿ ಬೋಲ್ಟಿನ ಮೇಲೆ ಬೆರಳಿಟ್ಟಳು. "ತಣ್ಣಗದ್ರಿ" ಎಂದಳು.

"ಖರೇನಾ?"

"ಖರೇ ಚಾಚಾ."

"ಇನ್ನ ಹತ್ತು ಮಿನಿಟ ಓಡ್ಲಿ" ಎಂದ ವಹಾಬ. "ಆಮ್ಯಾಲ ಮತ್ತೊಮ್ಮೆ ಮುಟ್ಟು."