ಕೊನೆಯ ನುಡಿಯಲ್ಲಿದ್ದ ಊರು

ಆತ್ಮಕಥೆಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಬರೆದವರು ತಮ್ಮ ಪರವಾಗಿ ತಾವೇ ಸಾಕ್ಷಿ ಹೇಳುತ್ತಿರುತ್ತಾರೆ. ಎದುರಿನ ಕಕ್ಷಿ ಅಲ್ಲಿರುವುದೇ ಇಲ್ಲ. ನಮ್ಮ ಭಾಗದ ಗೀಗೀ ಪದದ ಹಾಡುಗಾರ್ತಿ, ತಮ್ಮ ಹಾಡುಗಳನ್ನು ತಾವೇ ಕಟ್ಟಿದವರು, ಬದುಕನ್ನು ಪುಸ್ತಕ ಮಾಡಿದ್ದಾರೆಂದು ಗೊತ್ತಾದಾಗಲೂ ಜಮಖಂಡಿಯ ಅಂಗಡಿಯಲ್ಲಿ ನಿಂತೇ ತಪ್ಪು ಹುಡುಕತೊಡಗಿದೆ. ಹಾಗೆ ನೋಡಿದರೆ ನಾನು ಚಿಕ್ಕಂದಿನಿಂದ ಅವರ ಅಭಿಮಾನಿ. ಗಂಡೇ ಹೆಚ್ಚೆಂದು ಹಾಡುವ ಮೇಳದ ಎದುರು ನಿಂತು ಹೆಣ್ಣು ಹೆಚ್ಚೆಂದು ಅವರು ಹಾಡುವುದನ್ನು ಕೇಳಿಯೇ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟವಳು.

ಪುಸ್ತಕದಲ್ಲಿ ತಪ್ಪುಗಳಿವೆ. ಮುನ್ನುಡಿ ಉದ್ದ, ಸನ್ಮಾನದ ಫೋಟೊಗಳು ಅತಿ. ಆದರೆ ಗೆದ್ದ ಹಾಡಿಕೆಗಳನ್ನು ಎರಡೆರಡು ಸಾಲಿನಲ್ಲಿ ಮುಗಿಸುವ ಅವರು, ಸೋತದ್ದನ್ನು ಬಿಡಿಸಿ ಬಿಡಿಸಿ ಹೇಳುತ್ತಾರೆ. ಅಂಥ ಒಂದು ಸೋಲಿಗೆ ಒಂದೂವರೆ ಪುಟ. ರಬಕವಿಯ ಒಂದು ಮಧ್ಯಾಹ್ನ, ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಸವಾಲು ಹಾಕಿದಳು ಎಂದು ಅದು ಶುರುವಾಗುತ್ತದೆ.

ಆ ಹುಡುಗಿ ನಾನು.

ಗೀಗೀ ಹಾಡಿನ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಹಾಡು ಕಟ್ಟಿದವರ ಊರಿನ ಹೆಸರು ಬರಬೇಕು. ಅವರದು ಬೀಳಗಿ ಕಡೆಯ ಹೊಳೆದಂಡೆಯ ಊರು. ಅಣೆಕಟ್ಟಿನ ಹಿನ್ನೀರು ಅದನ್ನು ನುಂಗಿ ಜನ ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ನನ್ನ ಅವ್ವನ ತವರೂ ಅದೇ. ರಬಕವಿಯಲ್ಲಿ ಅವ್ವ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಅವರ ಕ್ಯಾಸೆಟ್ಟಿನಲ್ಲಿ ಕೊನೆಯ ನುಡಿ ಬಂದಾಗ ರಾಟೆ ನಿಲ್ಲಿಸಿ, ಊರ ಹೆಸರು ಕೇಳಿ, ಮತ್ತೆ ತಿರುಗಿಸುವಳು.

ಆ ಮಧ್ಯಾಹ್ನದ ಹಾಡಿಕೆಯಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಚರ್ಚೆಯಲ್ಲಿ ಹೊಸದಾಗಿ ಬಹುಮಾನ ಪಡೆದಿದ್ದ ನಾನು ಎದ್ದು ಕೇಳಿದೆ: “ಅಕ್ಕಾರ, ಖರೇನ ಹಾಡ್ತೀನಿ ಅಂತೀರಿ. ಇಲ್ಲದ ಊರಿನ ಹೆಸರು ಹೇಳೂದು ಖರೇ ಆಕ್ಕೈತೇನ್ರಿ?”

“ಹೊಡದಳು ನೋಡ್ರಿ!” ಎಂದು ಯಾರೋ ಕೂಗಿದರು. ಬಡಿಯುತ್ತಿದ್ದ ದಪ್ಪು ನಿಂತಿತು. ಜವಾಬು ಬರಲಿಲ್ಲ. ಮನೆಗೆ ಬರುವಾಗ ಅವ್ವ, “ಬಾಳ ಶಾಣ್ಯಾಕಿ ಆಗಿ ಬಿಡವಾ,” ಎಂದಳು. ಅಷ್ಟೇ.

ಆಮೇಲಿನ ಕ್ಯಾಸೆಟ್ಟುಗಳಲ್ಲಿ ಊರಿನ ಹೆಸರಿರಲಿಲ್ಲ. ಕ್ಯಾಸೆಟ್ಟಿನವರು ಕತ್ತರಿಸಿರಬೇಕೆಂದು ನಾನು ವಾದಿಸುತ್ತಿದ್ದೆ. ಅವ್ವನ ರಾಟೆ ಹಾಡು ಮುಗಿದರೂ ನಿಲ್ಲದೆ ತಿರುಗುತ್ತಿತ್ತು. ಈಗ ಪುಸ್ತಕ ಹೇಳುತ್ತಿದೆ: ಜವಾಬು ಕೊಡಲಾಗದ ನುಡಿಯನ್ನು ಹಾಡಬಾರದೆಂಬುದು ಅವರ ಮೇಳದ ಕಟ್ಟುಪಾಡು. ಅದಕ್ಕೇ ಬಿಟ್ಟರು. ಹುಡುಗಿಯ ಮೇಲೆ ಒಂದು ಮಾತಿನ ಸಿಟ್ಟೂ ಇಲ್ಲ.

ಆ ಒಂದೂವರೆ ಪುಟವನ್ನು ಅವ್ವನಿಗೆ ಓದಿ ಹೇಳಿದೆ.

“ನಿನಗ ಗೊತ್ತಿತ್ತೇನವ್ವಾ?”

“ಗೊತ್ತಿಲ್ದ ಏನ? ಅವತ್ತಿನಿಂದ ಊರ ಹೆಸರ ಹಾಡಿಲ್ಲಾಕಿ.”

“ಮತ್ತ ಹೇಳಬಾರದಿತ್ತೇನ?”

“ನೀ ಹೇಳಾಕ ಬಿಟ್ಟಿದ್ದೆಲ್ಲಿ? ಕುಂತ್ರ ವಾದ, ನಿಂತ್ರ ವಾದ.”

ಮುಂದಿನ ವಾರ ಅವ್ವನನ್ನು ಕರೆದುಕೊಂಡು ಪುನರ್ವಸತಿ ಕೇಂದ್ರದ ಅವರ ಮನೆಗೆ ಹೋದೆ. ನಾನು ಯಾರೆಂದು ಹೇಳಿದೆ. ಕಣ್ಣು ಮಂಜಾಗಿದ್ದ ಅವರು ನನ್ನ ಭುಜ ತಡವಿ, “ಜಡಿ ಎಲ್ಲಿ ಹೋದುವವಾ?” ಎಂದು ನಕ್ಕರು.

“ನನ್ನ ಸವಾಲು ಹಿಂದಕ್ಕ ತಗೋತೀನ್ರಿ ಅಕ್ಕಾರ. ಅವ್ವಗ ಕೊನೀ ನುಡಿ ಹಾಡಿ ತೋರಸ್ರಿ.”

“ಹಂಗ ಬರೂದಿಲ್ಲ. ಹಾಕಿದ ಸವಾಲಿಗೆ ಜವಾಬು ಆಗಬೇಕ.”

ಬಸ್ಸಿನಲ್ಲಿ ಮೂರು ಅಂಶ ಯೋಚಿಸಿಕೊಂಡು ಬಂದಿದ್ದೆ. ನೆನಪೂ ಒಂದು ಪುರಾವೆ, ಕಾಗದಪತ್ರದಲ್ಲಿ ಊರು ಇನ್ನೂ ಇದೆ, ಹೀಗೆ. ಅವರು ಕೇಳಿ, ಮೂರಕ್ಕೂ ಅಲ್ಲವೆಂದು ತಲೆಯಾಡಿಸಿದರು. “ಇವು ನಿಮ್ಮ ಸ್ಪರ್ಧೆದಾಗ ನಡೀತಾವ.” ಆಮೇಲೆ ಅವರೇ ಕೇಳಿದರು:

“ನಿಮ್ಮವ್ವ ಯಾವೂರಾಕಿವಾ?”

ಊರಿನ ಹೆಸರು ಹೇಳಿದೆ. ಶಾಲೆಯಲ್ಲಿ, ಮದುವೆ ಮನೆಗಳಲ್ಲಿ, ಯಾರು ಕೇಳಿದರೂ ಹೇಳುತ್ತ ಬಂದ ಅದೇ ಹೆಸರು. ಅದು ಇದೆಯೋ ಇಲ್ಲವೋ ಎಂದು ಒಮ್ಮೆಯೂ ಯೋಚಿಸದೆ ಹೇಳುತ್ತ ಬಂದಿದ್ದೆ.

“ಆತಲ್ಲ ಜವಾಬು,” ಎಂದರು ಅವರು. “ಗೂಟಕ್ಕ ದಪ್ಪು ಐತಿ. ತಗೊಂಡ ಬಾ.”

ಅವರ ದನಿ ಹೋಗಿತ್ತು. ಏರು ಸ್ವರ ಒಡೆಯಿತು, ಕೆಳಗಿನಿಂದ ಮತ್ತೆ ಹಿಡಿದರು. ಅವ್ವ ಮೊಣಕಾಲ ಮೇಲೆ ಬಲಗೈಯಿಂದ ತಾಳ ಹಾಕುತ್ತಿದ್ದಳು. ಕೊನೆಯ ನುಡಿಯಲ್ಲಿ ಊರು ಬಂತು. ಅವ್ವನ ಕೈ ನಿಂತಿತು.