ಹನ್ನೊಂದನೆಯ ದಿನ ಒಳಗೆ ಬಂದ ದೊಡ್ಡಗಂಗಮ್ಮ

ನನ್ನ ಅಕ್ಷರ ಸೊಟ್ಟಗಿದೆ, ಮಾತು ಜೋಡಿಸಲೂ ಸರಿಯಾಗಿ ಬಾರದು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ಓದುವವರು ಮನ್ನಿಸಬೇಕು. ಆದರೆ ದೊಡ್ಡಗಂಗಮ್ಮನ ವಿಷಯದಲ್ಲಿ ಒಂದು ಮಾತೂ ಹೆಚ್ಚುಕಡಿಮೆ ಆಗಬಾರದೆಂದು ಎರಡು ಸಲ ಬರೆದು ನೋಡಿದ್ದೇನೆ.

ಬೈರಕೂರಿನ ಹತ್ತಿರದ ನಮ್ಮೂರಿಗೆ ಅವಳೇ ಸೂಲಗಿತ್ತಿ. ಟೇಕಲ್ ಕಡೆಯಿಂದ ಹನ್ನೆರಡು ವರ್ಷಕ್ಕೇ ಸೊಸೆಯಾಗಿ ಬಂದು, ಅತ್ತೆಯ ಬೆನ್ನ ಹಿಂದೆ ಓಡಾಡಿ ಕೆಲಸ ಕಲಿತಳಂತೆ. ಮನೆ ಊರ ಹೊರಗಿನ ಕೇರಿಯಲ್ಲಿ. ನಾನು ಹುಟ್ಟಿದಾಗ ಎತ್ತಿಕೊಂಡವಳೂ ಅವಳೇ. ಹೆರಿಗೆಯಾದ ಮನೆಗೆ ಹತ್ತು ದಿನ ಪುರುಡು. ಮನೆಯವರಿಗೆಲ್ಲ ಮೈಲಿಗೆ ಇರುವುದರಿಂದ ಅಷ್ಟು ದಿನ ಅವಳು ಒಳಗೆ ಬಂದು ಬಾಣಂತಿಗೂ ಮಗುವಿಗೂ ನೀರೆರೆಯಬಹುದು. ಹನ್ನೊಂದನೆಯ ದಿನ ಪುರೋಹಿತರು ಪುಣ್ಯಾಹದ ನೀರು ಚಿಮುಕಿಸಿದ ಮೇಲೆ ಹಿತ್ತಲ ಬಾಗಿಲಾಚೆ ನಿಂತೇ ಮಾತಾಡಬೇಕು.

ಈ ವರ್ಷ, ಅಂದರೆ ೧೯೩೮ರಲ್ಲಿ, ಯುಗಾದಿ ಕಳೆದ ಮೇಲೆ ನಮ್ಮ ಅಕ್ಕ ಶಾಮಲಮ್ಮ ಹೆರಿಗೆಗೆ ಬಂದಳು. ಪಟೇಲರಾದ ನಮ್ಮಪ್ಪ ವೆಂಕಟರಮಣಪ್ಪ ಆಗಷ್ಟೇ ಮುಳಬಾಗಿಲಿನ ಸಭೆಯೊಂದರಲ್ಲಿ ಹಾರ ಹಾಕಿಸಿಕೊಂಡು, ಮನುಷ್ಯರೆಲ್ಲ ಒಂದೇ ಎಂದು ಭಾಷಣ ಮಾಡಿ ಬಂದಿದ್ದರು. ಆ ಸುದ್ದಿ ದೊಡ್ಡಗಂಗಮ್ಮನ ಕಿವಿಗೂ ಬಿದ್ದಿತ್ತು. ಕದಿರಿ ಎಂಬ ಅವಳ ಮೊಮ್ಮಗಳನ್ನು ಊರ ಶಾಲೆಯೊಳಗೆ ಬಿಡುತ್ತಿರಲಿಲ್ಲ, ಕಿಟಕಿಯ ಕೆಳಗೆ ಬಿಸಿಲಲ್ಲಿ ಕೂತು ಪಾಠ ಕೇಳುತ್ತಿದ್ದಳು.

"ಈ ಸಲ ನಂಗೆ ಸೀರೆ ಬ್ಯಾಡ, ರಾಗಿ ಬ್ಯಾಡ. ನಮ್ ಕದಿರೀನ ಒಳಗ್ ಕೂರ್ಸಿ ಪಟೇಲಪ್ಪ," ಎಂದಳು.

"ಮೊಮ್ಮಗ ನೆಟ್ಟಗೆ ಭೂಮಿಗ್ ಬರ್ಲಿ, ನಾನೇ ಕೂರಿಸ್ತೀನಿ ಕಣೇ," ಎಂದರು ಅಪ್ಪ.

ಎರಡು ದಿನ ನೋವು ತಿಂದ ಅಕ್ಕನ ಬೆನ್ನು ನೀವುತ್ತ, "ಏಮೀ ಕಾದಮ್ಮಾ, ಏಮೀ ಕಾದು" ಎಂದು ತನ್ನ ತೆಲುಗಿನಲ್ಲಿ ಏನೂ ಆಗೋದಿಲ್ಲವೆಂದು ಧೈರ್ಯ ಹೇಳುತ್ತ ದೊಡ್ಡಗಂಗಮ್ಮ ಕದಲಲೇ ಇಲ್ಲ. ಬೆಳಗಾಗುವುದಕ್ಕೆ ಸ್ವಲ್ಪ ಮೊದಲು ಗಂಡುಮಗು ಹುಟ್ಟಿತು. ಎಣಿಕೆ ತಪ್ಪಿದ್ದು ಇಲ್ಲೇ. ಸೂರ್ಯ ಹುಟ್ಟದೆ ದಿನ ಬದಲಾಗದೆಂದು ಪುರೋಹಿತರು ಹಿಂದಿನ ದಿನದಿಂದ ಎಣಿಸಿದರು. ಅವಳು ಆ ಬೆಳಗಿನಿಂದ ಎಣಿಸಿದಳು.

"ನಾಳೆ ಪುಣ್ಯಾಹ, ಒಳಗ್ ಬರ್ಬೇಡ ಅಂತ ಗಂಗಮ್ಮಂಗೆ ಹೇಳ್ಬಾ," ಎಂದು ಅಜ್ಜಿ ನನ್ನನ್ನು ಹಿತ್ತಲಿಗೆ ಕಳಿಸಿದರು. ಮಗುವಿನ ಬಟ್ಟೆ ಒಗೆಯುತ್ತಿದ್ದ ದೊಡ್ಡಗಂಗಮ್ಮ ನನ್ನನ್ನು ಕಂಡು, "ಏನ್ ಅಮ್ಮಣ್ಣಿ, ನಿನ್ ಬಾಣಂತನಕ್ಕೂ ನಾನೇ ಬರ್ಬೇಕು. ನನ್ ಕೈಕಾಲ್ ಗಟ್ಟಿ ಇರೋವಾಗ್ಲೇ ಮದ್ವೆ ಆಗ್ಬಿಡು," ಎಂದು ನಕ್ಕಳು. ನನಗೆ ನಾಚಿಕೆಯಾಯಿತು. ಆ ನಗುಮುಖಕ್ಕೆ ಬರಬೇಡ ಎನ್ನಲು ಆಗಲಿಲ್ಲ. ಒಳಗೆ ಬಂದು, ಹೇಳಿದೆ ಎಂದು ಅಜ್ಜಿಗೆ ಸುಳ್ಳು ಹೇಳಿದೆ.

ಮರುದಿನ ಪುಣ್ಯಾಹ ಮುಗಿದು ನೆಂಟರು ಎಲೆಯ ಮುಂದೆ ಕೂತಿದ್ದರು. ದೊಡ್ಡಗಂಗಮ್ಮ ಎಂದಿನಂತೆ ಹಿತ್ತಲಿಂದ ಬಂದು ಮಗುವನ್ನು ಎತ್ತಿಕೊಂಡಳು.

"ಅಯ್ಯೋ ಮುಂಡೇದೇ, ಕೆಳಗಿಡೇ!" ಅಜ್ಜಿ ಕಿರುಚಿದರು. ನೆಂಟರು ಎಲೆ ಬಿಟ್ಟು ಎದ್ದರು.

"ಇವತ್ತು ಹತ್ತನೇ ದಿನ ಅಲ್ವಾ ತಾಯಿ?"

"ಹೇಳ್ ಕಳ್ಸಿದ್ರೂ ಬಂದವ್ಳೆ, ಕೊಬ್ಬು ನೋಡು," ಎಂದರು ಅಪ್ಪ. "ಇವಳ ಮೊಮ್ಮಗಳನ್ನ ಒಳಗ್ ಕೂರ್ಸಿದ್ರೆ ನಮ್ ತಲೆ ಮೇಲೇ ಕೂರ್ತಾಳೆ. ಆ ಮಾತು ಮುಗೀತು, ಹೋಗು."

"ನಂಗ್ಯಾರೂ ಹೇಳ್ಲಿಲ್ಲ, ದೇವ್ರಾಣೆ," ಎಂದು ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾನು ಕಂಬದ ಹಿಂದೆ ಸರಿದೆ.

ಪುರೋಹಿತರು ಮತ್ತೊಮ್ಮೆ ನೀರು ಚಿಮುಕಿಸಿದರು. ಎರಡು ದಿನ ಅಕ್ಕನನ್ನು ಹಿಡಿದುಕೊಂಡಿದ್ದ ಕೈಗೆ ಸೀರೆಯೂ ಇಲ್ಲ, ರಾಗಿಯೂ ಇಲ್ಲ. ಕದಿರಿ ಈಗ ಕಿಟಕಿಯ ಕೆಳಗೂ ಕೂರುವಂತಿಲ್ಲ, ದನ ಕಾಯುತ್ತಾಳೆ. ಅಪ್ಪ ಮೊನ್ನೆ ಮತ್ತೆ ಭಾಷಣಕ್ಕೆ ಹೋಗಿ ಬಂದರು.

ನಾಳೆ ಅಪ್ಪ ಊಟಕ್ಕೆ ಕೂತಾಗ, ಗಂಗಮ್ಮನಿಗೆ ಹೇಳದೆ ಉಳಿದವಳು ನಾನೇ ಎಂದು ಎಲ್ಲರ ಮುಂದೆ ಹೇಳುತ್ತೇನೆ.